ಮೊದಲ ಪಾಠ: ಬಾ

ಹೊರಗಿನಿಂದ ಬಂದವರಿಗೆ ಮಾತಾಡೋ ಕನ್ನಡ ಕಲಿಸುತ್ತೇನೆ. ಸಂಬಳದ ಕೆಲಸವಲ್ಲ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಒಂದು ಬಿಳಿ ಬೋರ್ಡು, ಹತ್ತು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ಮೊದಲ ದಿನ ಬೋರ್ಡಿನ ಮೇಲೆ ಬರೆದ ಪದ ‘ಬಾ’. ಒಂದೇ ಅಕ್ಷರ, ದಿನಾ ಬೇಕಾಗೋ ಮಾತು. ಇದಕ್ಕಿಂತ ಸುಲಭದ್ದು ಏನಿದೆ ಅಂದುಕೊಂಡಿದ್ದೆ.

ಮೊದಲು ನಕ್ಕಿದ್ದು ಮೂರನೇ ಮಹಡಿಯ ಗುಜರಾತಿ ಅಜ್ಜಿ. ಗುಜರಾತಿಯಲ್ಲಿ ಬಾ ಅಂದರೆ ಅಮ್ಮ. ಕಸ್ತೂರಬಾ ಅವರನ್ನು ಆಶ್ರಮದವರು ಬಾ ಅನ್ನುತ್ತಿದ್ದದ್ದು ಅದಕ್ಕೇ. ನಾನು ‘ಬಾ, ಬಾ’ ಎಂದು ಎಲ್ಲರ ಕೈಲೂ ಹೇಳಿಸುತ್ತಿದ್ದರೆ, ಅಜ್ಜಿಗೆ ಇಡೀ ತರಗತಿ ತನ್ನನ್ನೇ ಕರೆದ ಹಾಗೆ ಕೇಳಿಸುತ್ತಿತ್ತು. ನಾಸಿಕ್ ಕಡೆಯ ಹುಡುಗ, ‘ನಮ್ಮ ಹಳ್ಳಿಯಲ್ಲಿ ಬಾ ಅಂದರೆ ಅಪ್ಪ’ ಅಂದ. ಕೋಲ್ಕತ್ತಾದ ಹುಡುಗಿಗೆ ಅದು ‘ಅಥವಾ’. ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುವ, ಬಿಹಾರದ ಸಿವಾನ್ ಜಿಲ್ಲೆಯವನು ಕೊನೆಗೆ ಬಾಯಿಬಿಟ್ಟ. ಅವನ ಮಾತು ಭೋಜಪುರಿ. ಅಲ್ಲಿ ಬಾ ಅಂದರೆ ‘ಇದೆ’. ‘ಕಾ ಹಾಲ್ ಬಾ?’ ಅಂದರೆ ಹೇಗಿದ್ದೀಯ, ‘ಸಬ್ ಠೀಕ್ ಬಾ’ ಅಂದರೆ ಎಲ್ಲ ಸರಿ ಇದೆ.

ಅವತ್ತು ಚೆನ್ನಾಗಿ ನಕ್ಕು ಎದ್ದೆವು. ಎಡವಟ್ಟಾಗಿದ್ದು ಮರುದಿನ. ವಾಕಿಂಗ್ ಮುಗಿಸಿ ಬಂದ ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ ಸೆಕ್ಯುರಿಟಿ ಹುಡುಗ ಗೇಟು ತೆಗೆದು, ಹೊಸದಾಗಿ ಕಲಿತ ಖುಷಿಯಲ್ಲಿ, ‘ಬಾ’ ಅಂದ. ‘ಯಾರನ್ನೋ ಬಾ ಅಂತೀಯ?’ ಎಂದು ಅವರು ರೇಗಿದರು. ತಪ್ಪು ಅವನದಲ್ಲ, ನನ್ನದು. ಸುಲಭ ಅಂತ ‘ಬಾ’ ಕೊಟ್ಟೆ, ‘ಬನ್ನಿ’ ಕೊಡಲಿಲ್ಲ. ನಮಗೆ ಹುಟ್ಟಿನಿಂದ ಗೊತ್ತಿರುವುದರಿಂದ ಇದು ಕಾಣೋದೇ ಇಲ್ಲ. ಬಾ, ಬಾರೋ, ಬಾರೇ, ಬಾರಪ್ಪ, ಬನ್ನಿ, ಹುಬ್ಬಳ್ಳಿ ಕಡೆ ಬರ್ರಿ. ಯಾರು ಯಾರಿಗೆ ಏನಾಗಬೇಕು ಅನ್ನೋದು ಅಷ್ಟರಲ್ಲೇ ಇದೆ. ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟು, ಅರ್ಧ ಗಂಟೆ ನನಗೇ ವ್ಯಾಕರಣ ಹೇಳಿದರು.

ಅಂದಿನಿಂದ ಪಾಠದ ಕ್ರಮ ತಿರುಗಿಸಿದೆ. ಮೊದಲು ಕಲಿಸೋದು ‘ಬನ್ನಿ’. ‘ಬಾ’ ಎರಡನೇ ವಾರಕ್ಕೆ, ಅದೂ ಮಕ್ಕಳಿಗೆ, ಗೆಳೆಯರಿಗೆ, ನಾಯಿಗೆ, ದೇವರಿಗೆ ಅಂತ ಹೇಳಿ. ದೇವರನ್ನು ಏಕವಚನದಲ್ಲಿ ಕರೆದು ಮಾವನನ್ನು ಬಹುವಚನದಲ್ಲಿ ಕರೆಯೋದು ಹೊರಗಿನವರಿಗೆ ಯಾಕೋ ಬಹಳ ಇಷ್ಟವಾಗುತ್ತೆ. ಇನ್ನೊಂದು ಬದಲಾವಣೆಯೂ ಆಯಿತು. ಈಗ ಯಾವ ಪದ ಬರೆದರೂ, ‘ನಿಮ್ಮ ಮನೆಯಲ್ಲಿ ಈ ಸದ್ದಿಗೆ ಏನರ್ಥ?’ ಎಂದು ಮೊದಲೇ ಕೇಳುತ್ತೇನೆ. ಕಿವಿ ತನ್ನ ಮಾತನ್ನೇ ಮೊದಲು ಹುಡುಕುತ್ತೆ. ಅದನ್ನು ಹೇಳಿ ಮುಗಿಸಿದರೆ ಕನ್ನಡದ ಅರ್ಥಕ್ಕೆ ಜಾಗ ಸಿಗುತ್ತೆ.

ತಮಿಳರಿಗೆ ಬೇರೆ ದಾರಿ. ಅವರ ‘ವಾ’ ನಮ್ಮ ‘ಬಾ’ ಒಂದೇ ಬೇರಿನವು. ಅವರ ವಾಯ್ ನಮ್ಮ ಬಾಯಿ, ಅವರ ವಿಲ್ ನಮ್ಮ ಬಿಲ್ಲು, ಅವರ ವಾಳೈ ನಮ್ಮ ಬಾಳೆ. ಇಷ್ಟು ಹೇಳಿದರೆ ಹತ್ತು ಪದ ಅವರೇ ಊಹಿಸುತ್ತಾರೆ. ತೆಲುಗಿನವರ ‘ರಾ’ ಸ್ವಲ್ಪ ದೂರ ಹೋಗಿದೆ. ಮಂಗಳೂರಿನ ತುಳು ಗೆಳೆಯನೊಬ್ಬ ಗೌರವದಿಂದ ‘ಬಲೆ’ ಎಂದು ಕರೆದಾಗ, ಮೀನು ಹಿಡಿಯೋದಕ್ಕೆ ಹೊರಟಿದ್ದಾನೆ ಅಂದುಕೊಂಡವನು ನಾನು!

ಒಂದು ಬೇಸಿಗೆ ಮೈಸೂರಿನ ಗೋಕುಲಂನಲ್ಲಿದ್ದೆ. ಯೋಗ ಕಲಿಯೋಕೆ ಬಂದಿದ್ದ ವಿಯೆಟ್ನಾಂನ ಹೆಣ್ಣುಮಗಳೊಬ್ಬರಿಗೆ ಪಾಠ ಹೇಳುತ್ತಿದ್ದೆ. ‘ಬಾ’ ಎಂದ ಕೂಡಲೇ ಅವರು, ‘ಯಾವ ದನಿಯ ಬಾ?’ ಅಂದರು. ಅವರ ಭಾಷೆಯಲ್ಲಿ ದನಿ ಸಮನಾಗಿದ್ದರೆ ಮೂರು, ದಕ್ಷಿಣದ ಕಡೆ ಅಪ್ಪ ಕೂಡ. ದನಿ ಇಳಿಸಿದರೆ ಅಜ್ಜಿ. ನಡುವೆ ಮುರಿದು ಏರಿಸಿದರೆ ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆಯಂಥ ಚರಟ. ಅವರ ಜೊತೆಗಿದ್ದ ಚೀನಾದವರಿಗೆ ಎತ್ತರದ ದನಿಯಲ್ಲಿ ಎಂಟು, ಮೇಲಿಂದ ಬೀಳಿಸಿದರೆ ಅಪ್ಪ. (ಅವರ ‘ಬ’ ನಮ್ಮ ಕಿವಿಗೆ ಹೆಚ್ಚುಕಡಿಮೆ ‘ಪ’.) ಎಂಟು ಅವರಿಗೆ ಶುಭ. ಬೀಜಿಂಗ್ ಒಲಿಂಪಿಕ್ಸ್‌ನ ಉದ್ಘಾಟನಾ ಸಮಾರಂಭ ಶುರುವಾಗಿದ್ದೇ 2008ರ ಆಗಸ್ಟ್ 8ರಂದು, ರಾತ್ರಿ 8 ಗಂಟೆಗೆ. ಕನ್ನಡದಲ್ಲಿ ಹೇಗೆ ಎಳೆದರೂ ಬಾ ಅಂದರೆ ಬಾ, ಹೆದರಬೇಡಿ ಅಂದೆ. ಆದರೂ ವಿಯೆಟ್ನಾಂನ ಆಕೆ ಒಂದು ವಾರ ಒಂದೇ ಮಟ್ಟದ ದನಿಯಲ್ಲಿ, ರೈಲ್ವೆ ಸ್ಟೇಷನ್ನಿನ ಪ್ರಕಟಣೆ ಥರ, ‘ಬಾ’ ಅನ್ನುತ್ತಿದ್ದರು.

ಬೇರೆ ಭಾಷೆಗಳ ಬಾ ಎಲ್ಲ ಮುಗಿದ ಮೇಲೆ ನಿಜವಾದ ಕಷ್ಟ ಕೊಡೋದು ಕನ್ನಡದ ‘ಬರು’. ಮಳೆ ಬರುತ್ತೆ, ಸರಿ. ನಿದ್ದೆ ಬರುತ್ತೆ, ನಗು ಬರುತ್ತೆ, ಅದೂ ಸರಿ. ‘ನನಗೆ ಕನ್ನಡ ಬರುತ್ತೆ’ ಅಂದಾಗ ಸೆಕ್ಯುರಿಟಿ ಹುಡುಗ ಬಾಗಿಲ ಕಡೆ ನೋಡಿದ. ಎಲ್ಲಿಂದ ಬರುತ್ತೆ? ಇನ್ನು ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನೋದು. ಕೋಲ್ಕತ್ತಾದ ಹುಡುಗಿ ಒಂದು ಸಲ ಪಕ್ಕದ ಮನೆಯವರು ಹಾಗೆ ಹೇಳಿ ಹೋದರೆಂದು ಟೀ ಮಾಡಿಟ್ಟು ಕಾದಿದ್ದಳಂತೆ. ಅವಳದೇ ಬಂಗಾಳಿಯಲ್ಲೂ ಹೊರಡುವಾಗ ‘ಆಶಿ’, ಬರ್ತೀನಿ ಅಂತಲೇ ಅನ್ನೋದು ಎಂದು ನೆನಪಿಸಿದಾಗ ತಲೆ ಚಚ್ಚಿಕೊಂಡಳು.

ಕಳೆದ ವಾರ ಸೆಕ್ಯುರಿಟಿ ಹುಡುಗ ಒಂದು ಬೋರ್ಡಿನ ಫೋಟೊ ತಂದಿದ್ದ. ‘ಇಲ್ಲಿ ಗಾಡಿ ನಿಲ್ಲಿಸಬಾರದು.’ ನಿಲ್ಲಿಸ ಗೊತ್ತು, ಬಾ ಗೊತ್ತು, ಇದರಲ್ಲಿ ಯಾರನ್ನು ಬಾ ಅಂತಿದ್ದಾರೆ ಎಂದು ಕೇಳಿದ. ‘ಬಾರದು’ ಅಂದರೆ ಬರಲ್ಲ ಅಂತ. ಅದು ‘ಕೂಡದು’ ಹೇಗಾಯಿತು ಅಂತ ವಿವರಿಸೋಕೆ ಹೋಗಿ, ಎರಡು ಸಲ ಬರೆದು ಎರಡು ಸಲ ಒರೆಸಿದೆ. ಗಂಟೆ ಹನ್ನೊಂದಾಗಿತ್ತು. ಮುಂದಿನ ಭಾನುವಾರ ನೋಡೋಣ ಅಂದೆ. ‘ಠೀಕ್ ಬಾ’ ಅಂತ ಡ್ಯೂಟಿಗೆ ಹೋದ.