ರಾಕ್ ಸ್ಯಾಕ್ಸೋಫೋನಿನ ಗರ್ಜನೆ ತೆಗೆಯುವುದು ಹೇಗೆ?

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ರ ಇ ಸ್ಟ್ರೀಟ್ ಬ್ಯಾಂಡ್‌ನ ಕ್ಲಾರೆನ್ಸ್ ಕ್ಲೆಮನ್ಸ್ (1942–2011) ಟೆನರ್ ಸ್ಯಾಕ್ಸೋಫೋನಿನಲ್ಲಿ ನುಡಿಸುತ್ತಿದ್ದಂಥ ಒರಟು, ತುಂಬು ದನಿ ಬೇಕೆಂದರೆ ಊದುತ್ತಲೇ ಗಂಟಲಲ್ಲಿ ಗುನುಗುವುದನ್ನು ಕಲಿಯಬೇಕು. ಮೊದಲು ವಾದ್ಯವಿಲ್ಲದೆ ಗುನುಗಿ ನೋಡಿ. ಆಮೇಲೆ ಮಧ್ಯ ಸ್ಥಾಯಿಯ ಜಿ ಸ್ವರವನ್ನು ಜೋರಾಗಿ ಹಿಡಿದು ಗುನುಗು ಸೇರಿಸಿ. ಎರಡೂ ಒಂದೇ ಶ್ರುತಿಗೆ ಕೂತರೆ ಗರ್ಜನೆ ಮಾಯವಾಗುತ್ತದೆ. ಗಂಟಲಿನ ಸ್ವರ ಬೇರೆಯೇ ಇರಲಿ. ಶ್ರುತಿ ಮೇಲೇರಿ ದನಿ ಕೀರಲಾಯಿತೇ? ರೀಡನ್ನು (ಊದುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿ) ಕಚ್ಚುತ್ತಿದ್ದೀರಿ, ದವಡೆ ಸಡಿಲಿಸಿ. ಶುರುವಿಗೆ 2.5ರ ಗಡಸುತನದ ರೀಡ್ ಸಾಕು.

ನಿಜವಾದ ತೊಡಕು ಗಿಟಾರ್‌ನವರಿಂದ. ಅವರಿಗೆ ಇ, ಎ ಕೀಗಳು (ಹಾಡಿನ ಆಧಾರ ಸ್ವರಗಳು) ಸಲೀಸು. ಬಿ ಫ್ಲ್ಯಾಟ್ ವಾದ್ಯವಾದ (ಬರೆದ ಸಿ ನುಡಿಸಿದರೆ ಬಿ ಫ್ಲ್ಯಾಟ್ ಕೇಳಿಸುವ) ಟೆನರ್‌ಗೆ ಅವೇ ಎಫ್ ಶಾರ್ಪ್, ಬಿ ಆಗುತ್ತವೆ, ಅಂದರೆ ಕ್ರಮವಾಗಿ 6 ಮತ್ತು 5 ಶಾರ್ಪ್ (ಅರ್ಧ ಸ್ವರ ಏರಿಸಿದ ಸ್ವರಗಳು). ಈ ಎರಡು ಸ್ಕೇಲ್ ಬೆರಳಿಗೆ ಹತ್ತದೆ ರಿಹರ್ಸಲ್‌ಗೆ ಹೋಗಲೇಬೇಡಿ.