ಹಳೇ ರೆಕಾರ್ಡರ್ ಬಾಕ್ಸ್ ಬದಲಿಸ್ತೀರಾ? ಮೊದಲು ಒಳಗೇನಿದೆ ನೋಡಿ

ಅಮ್ಮನ ಮನೆಯ ಸೆಟ್‌ಟಾಪ್ ಬಾಕ್ಸಿಗೆ ಹದಿಮೂರು ವರ್ಷ. ಒಳಗೆ ಹಾರ್ಡ್‌ಡಿಸ್ಕ್ ಇರುವ ರೆಕಾರ್ಡರ್ ಅದು. ಸಂಜೆ ಯಾರಾದರೂ ಮನೆಗೆ ಬಂದರೆ ಅಮ್ಮ ಕೆಂಪು ಗುಂಡಿ ಒತ್ತಿ ಅಡುಗೆಮನೆಗೆ ಹೋಗುತ್ತಿದ್ದರು. ಬಂದವರು ಹೋದ ಮೇಲೆ ಧಾರಾವಾಹಿ ನೋಡುತ್ತಿದ್ದರು, ಜಾಹೀರಾತು ಓಡಿಸಿಕೊಂಡು.

ಕಳೆದ ಮಳೆಗಾಲದಿಂದ ಅದು ರಾತ್ರಿ ಹೊತ್ತು ಟಕ್ ಟಕ್ ಅನ್ನತೊಡಗಿತು. ಶೋಕೇಸ್ ಹಿಂದೆ ಹಲ್ಲಿ ಸೇರಿಕೊಂಡಿದೆ ಅಂತ ಅಮ್ಮ ಎರಡು ಸಲ ಕ್ಲೀನ್ ಮಾಡಿದರು. ಹಲ್ಲಿ ಇರಲಿಲ್ಲ. ಆಮೇಲೆ ರೆಕಾರ್ಡ್ ಆದದ್ದು ನಡುನಡುವೆ ನಿಲ್ಲತೊಡಗಿತು, ಚಿತ್ರ ಚೌಕಚೌಕವಾಗಿ ಒಡೆಯಿತು.

ಇಂಥ ಬಾಕ್ಸ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಬದಲಿಸೋದು ಕಷ್ಟವಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ತಪ್ಪಿದರೆ ಒಳಗಿರುವುದೆಲ್ಲ ಹೋಗುತ್ತದೆ.

ರೋಗ ಎಲ್ಲಿದೆ ಅಂತ ಮೊದಲು ನೋಡಿ

ಬಾಕ್ಸ್ ಆಫ್ ಮಾಡಿ, ಪ್ಲಗ್ ತೆಗೆದು ಅರ್ಧ ಗಂಟೆ ಬಿಡಿ. ಮತ್ತೆ ಹಾಕಿದಾಗ ಲೈವ್ ಚಾನೆಲ್ ಸರಿಯಾಗಿ ಬಂದು, ರೆಕಾರ್ಡ್ ಆದದ್ದು ಮಾತ್ರ ತೊಡರಿದರೆ ಹೆಚ್ಚಾಗಿ ಹಾರ್ಡ್‌ಡಿಸ್ಕಿನ ಕಾಯಿಲೆ. ಎರಡೂ ಒಡೆಯುತ್ತಿದ್ದರೆ ಸಿಗ್ನಲ್ ನೋಡಿ. ಡಿಶ್ ಅಲುಗಾಡಿರಬಹುದು, ಕೇಬಲ್ ತುದಿಗೆ ನೀರು ಇಳಿದಿರಬಹುದು. ಬಾಕ್ಸ್ ತಾನಾಗೇ ಆಫ್ ಆಗಿ ಆನ್ ಆಗುತ್ತಿದ್ದರೆ ಮತ್ತು ಅಡಾಪ್ಟರ್ ಹೊರಗಡೆ ಇದ್ದರೆ, ಅಷ್ಟೇ ವೋಲ್ಟೇಜು, ಅಷ್ಟೇ ಆಂಪಿಯರ್ ಇರುವ ಬೇರೆ ಅಡಾಪ್ಟರ್ ಹಾಕಿ ನೋಡಿ. ಕೆಲವು ಸಲ ರೋಗ ಅಷ್ಟರಲ್ಲೇ ಮುಗಿಯುತ್ತದೆ.

ಈ ಡಿಸ್ಕುಗಳು ಸವೆಯೋಕೆ ಕಾರಣ ಇದೆ. ಲೈವ್ ಕಾರ್ಯಕ್ರಮವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡುವ ಸೌಲಭ್ಯ ಇದೆಯಲ್ಲ, ಅದಕ್ಕಾಗಿ ಬಾಕ್ಸ್ ಆನ್ ಇರುವಷ್ಟು ಹೊತ್ತೂ ಡಿಸ್ಕಿನ ಮೇಲೆ ಬರೆಯುತ್ತಲೇ ಇರುತ್ತದೆ. ನೀವು ರೆಕಾರ್ಡ್ ಒತ್ತದಿದ್ದರೂ ಸರಿ. ಅದರ ಮೇಲೆ ನಾವು ಕಸೂತಿ ಬಟ್ಟೆ ಹೊದಿಸಿ, ಹೂದಾನಿ ಬೇರೆ ಇಟ್ಟಿರುತ್ತೇವೆ. ಗಾಳಿ ಆಡುವ ತೂತುಗಳೆಲ್ಲ ಮುಚ್ಚಿಹೋಗಿರುತ್ತವೆ.

ಕನೆಕ್ಷನ್ ರದ್ದು ಮಾಡಬೇಡಿ, ಇನ್ನೂ

ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ ಬೇಕಾದರೆ. ಡಿಟಿಎಚ್ ರೆಕಾರ್ಡರ್‌ನಲ್ಲಿ ಇರುವ ಕಾರ್ಯಕ್ರಮಗಳಿಗೆ ಬೀಗ ಇರುತ್ತದೆ. ಆ ಬೀಗದ ಕೀಲಿ ಆ ಬಾಕ್ಸು, ಅದರೊಳಗೆ ಸಿಕ್ಕಿಸಿರುವ ಕಂಪನಿಯ ಕಾರ್ಡು. ರೀಚಾರ್ಜ್ ನಿಂತು ಅಕೌಂಟ್ ಬಂದ್ ಆದರೆ ಸಾಮಾನ್ಯವಾಗಿ ರೆಕಾರ್ಡ್ ಆದದ್ದೂ ತೆರೆಯೋದಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದರೂ ಪ್ರಯೋಜನವಿಲ್ಲ. ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳುತ್ತದೆ, ಅಷ್ಟೇ. ಹೊಸ ಬಾಕ್ಸಿಗೆ ಹಳೇ ರೆಕಾರ್ಡಿಂಗ್ ವರ್ಗಾಯಿಸಿಕೊಡುತ್ತೇವೆ ಅಂತ ಯಾರಾದರೂ ಅಂದರೆ, ಎದುರಿಗೇ ಮಾಡಿ ತೋರಿಸಿ ಅನ್ನಿ.

ಹಾಗಾದರೆ ಉಳಿಸಿಕೊಳ್ಳೋಕೆ ದಾರಿಯೇ ಇಲ್ವಾ? ಒಂದಿದೆ. ನಿಧಾನದ ದಾರಿ.

ಮೊದಲು ಪಟ್ಟಿ ಮಾಡಿ. ನಾನು ಅಮ್ಮನ ಬಾಕ್ಸಿನ ಲಿಸ್ಟ್ ತೆರೆದಾಗ ಎಪ್ಪತ್ತಕ್ಕೂ ಹೆಚ್ಚು ರೆಕಾರ್ಡಿಂಗ್ ಇತ್ತು. ಧಾರಾವಾಹಿ, ಅಡುಗೆ ಕಾರ್ಯಕ್ರಮ, ಯಾವುದೋ ದಸರಾದ ಜಂಬೂಸವಾರಿ, ಮುಗಿದುಹೋದ ಕ್ರಿಕೆಟ್ ಮ್ಯಾಚು. ‘ಯಾವುದು ಬೇಕಮ್ಮಾ?’ ಅಂದೆ. ‘ಎಲ್ಲಾ ಇರಲಿ ಬಿಡೋ’ ಅಂದರು. ಹತ್ತು ನಿಮಿಷ ಬಿಟ್ಟು ಅವರೇ ಬಂದು, ‘ಪುಟ್ಟಿ ಚಂದನದಲ್ಲಿ ಡ್ಯಾನ್ಸ್ ಮಾಡಿದ್ಲಲ್ಲ, ಅದೊಂದು ಉಳಿದ್ರೆ ಸಾಕು ಕಣೋ’ ಅಂದರು. ಪುಟ್ಟಿ ಅಂದರೆ ನನ್ನ ತಂಗಿ ಮಗಳು. ಅವಳೀಗ ಕಾಲೇಜಿಗೆ ಹೋಗುತ್ತಾಳೆ. ಕೊನೆಗೆ ಉಳಿಸಿಕೊಂಡದ್ದು ಮೂರೇ ಮೂರು. ನಿಮ್ಮ ಪಟ್ಟಿಯೂ ಇಷ್ಟೇ ಚಿಕ್ಕದಾದೀತು, ನೋಡಿ.

ಆಮೇಲೆ ಬಾಕ್ಸಿನ ಹಿಂದೆ ನೋಡಿ. ಹಳದಿ, ಬಿಳಿ, ಕೆಂಪು ತೂತುಗಳು ಇರುತ್ತವೆ, ಎವಿ ಔಟ್. ಹಳದಿ ಚಿತ್ರಕ್ಕೆ, ಉಳಿದೆರಡು ಸದ್ದಿಗೆ. ಇವುಗಳಿಂದ ಲ್ಯಾಪ್‌ಟಾಪಿಗೆ ತರೋಕೆ ‘ಯುಎಸ್‌ಬಿ ವಿಡಿಯೊ ಕ್ಯಾಪ್ಚರ್’ ಅನ್ನುವ ಪುಟ್ಟ ಕಡ್ಡಿ ಸಿಗುತ್ತದೆ, ಸಾವಿರ ರೂಪಾಯಿ ಆಸುಪಾಸು. ಒಂದು ತುದಿಗೆ ಮೂರು ಬಣ್ಣದ ವೈರ್, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಒಬಿಎಸ್ ಸ್ಟುಡಿಯೊ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ಈ ಕಡ್ಡಿಯನ್ನು ಆರಿಸಿ. ನಮ್ಮ ದೇಶದ ಟಿವಿ ಚಿತ್ರದ್ದು ‘ಪಾಲ್’ ಅನ್ನುವ ಪದ್ಧತಿ. ಹಾಗಾಗಿ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್ ಇಡಿ. ಅಮೆರಿಕದ ಎನ್‌ಟಿಎಸ್‌ಸಿ ಸೆಟ್ಟಿಂಗ್ ಇದ್ದರೆ ಚಿತ್ರ ಕಪ್ಪುಬಿಳುಪಾಗಿಯೋ ಉರುಳಿಕೊಂಡೋ ಬರುತ್ತದೆ. ಆಗ ಕಡ್ಡಿ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ಬಾಕ್ಸಿನಲ್ಲಿ ರೆಕಾರ್ಡಿಂಗ್ ಪ್ಲೇ ಮಾಡಿ, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಒತ್ತಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದು ಗಂಟೆ ಬೇಕೇ ಬೇಕು, ಬೇಗ ಮಾಡೋಕೆ ಆಗಲ್ಲ. ಮೊದಲು ಎರಡು ನಿಮಿಷ ಮಾಡಿ, ಸದ್ದು ಬಂದಿದೆಯಾ ಅಂತ ಕೇಳಿನೋಡಿ. ನಾನು ಕೇಳಲಿಲ್ಲ. ಪುಟ್ಟಿ ಮೊದಲ ಸಲ ಮೂಕಿ ಚಿತ್ರದ ಹಾಗೆ ಕುಣಿದಳು.

ಎಚ್‌ಡಿಎಂಐ ಕೇಬಲ್‌ನಿಂದಲೇ ತೆಗೆದರೆ ಚಿತ್ರ ಚೆನ್ನಾಗಿರುತ್ತಲ್ವಾ ಅಂತ ಕೇಳುತ್ತೀರಿ. ಆ ದಾರಿಯಲ್ಲಿ ಎಚ್‌ಡಿಸಿಪಿ ಅನ್ನುವ ಕಾವಲು ಇದೆ, ಕ್ಯಾಪ್ಚರ್ ಮಾಡಲು ಹೋದರೆ ಕಪ್ಪು ಪರದೆ ಬರುತ್ತದೆ. ಅದನ್ನು ಮುರಿಯುವ ಸಾಮಾನುಗಳ ತಂಟೆಗೆ ಹೋಗಬೇಡಿ. ಎವಿ ದಾರಿಯಲ್ಲೂ ಕೆಲವು ಕಾರ್ಯಕ್ರಮಕ್ಕೆ ತಡೆ ಇರಬಹುದು. ಅಂಥದ್ದನ್ನು ಬಿಟ್ಟುಬಿಡೋದೇ ಸರಿ. ಕಾನೂನಿನ ಮಾತೂ ಒಂದು: ಪ್ರಸಾರವನ್ನು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳೋದಕ್ಕೆ 1957ರ ಕಾಪಿರೈಟ್ ಕಾಯ್ದೆಯ 39ನೇ ಕಲಂ ಅವಕಾಶ ಕೊಡುತ್ತದೆ. ಅದನ್ನು ಯೂಟ್ಯೂಬಿಗೆ ಹಾಕೋದು, ಮಾರೋದು ಬೇರೆ ಮಾತು.

ಹೊಸದು ಯಾವುದು?

ಅಂಗಡಿಗೆ ಹೋಗಿ ‘ಒಳ್ಳೇ ರೆಕಾರ್ಡರ್ ಕೊಡಿ’ ಅಂದರೆ ಅವರು ಕಣ್ಣುಕಣ್ಣು ಬಿಡುತ್ತಾರೆ. ಒಳಗೇ ಹಾರ್ಡ್‌ಡಿಸ್ಕ್ ಇರುವ ಬಾಕ್ಸು ಈಗ ಅಪರೂಪ. ಹಾಗಾಗಿ ‘ನಾನು ಏನನ್ನು, ಯಾಕೆ ರೆಕಾರ್ಡ್ ಮಾಡ್ತೀನಿ?’ ಅಂತ ಕೇಳಿಕೊಳ್ಳಿ.

ಧಾರಾವಾಹಿ ತಪ್ಪಿಹೋಗುತ್ತದೆ ಅನ್ನೋದಷ್ಟೇ ಚಿಂತೆಯಾದರೆ ರೆಕಾರ್ಡರ್ ಬೇಡವೇ ಬೇಡ. ಜೀ ಕನ್ನಡದ ಧಾರಾವಾಹಿಗಳು ಜೀ5ನಲ್ಲಿ, ಉದಯ ಟಿವಿಯವು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವು ಜಿಯೊಹಾಟ್‌ಸ್ಟಾರ್‌ನಲ್ಲಿ ಸಿಗುತ್ತವೆ. ಇವೆಲ್ಲ ಓಡುವ ಆಂಡ್ರಾಯ್ಡ್ ಸೆಟ್‌ಟಾಪ್ ಬಾಕ್ಸನ್ನು ಡಿಟಿಎಚ್ ಕಂಪನಿಗಳೇ ಕೊಡುತ್ತವೆ. ಡಿಶ್ ಕೇಬಲ್ಲೂ ಅದಕ್ಕೇ, ವೈಫೈಯೂ ಅದಕ್ಕೇ, ಒಂದೇ ರಿಮೋಟು. ಟಿವಿಯೇ ಸ್ಮಾರ್ಟ್ ಆಗಿದ್ದರೆ ಆ ಬಾಕ್ಸೂ ಬೇಕಿಲ್ಲ.

ಆದರೆ ಇಂಟರ್‌ನೆಟ್ ಹೇಗಿದೆ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡರೆ, ಎಚ್‌ಡಿಯಲ್ಲಿ ಒಂದು ಗಂಟೆ ನೋಡುವಷ್ಟರಲ್ಲಿ ದಿನದ ಒಂದೂವರೆ ಜಿಬಿ ಪ್ಯಾಕ್ ಖಾಲಿ. ಮನೆಗೆ ಬ್ರಾಡ್‌ಬ್ಯಾಂಡ್ ವೈರ್ ಬಂದಿದ್ದರೆ ಮಾತ್ರ ಈ ದಾರಿ. ಇನ್ನೊಂದು ತೊಡಕು ವಯಸ್ಸಾದವರದು. ‘ರೆಕಾರ್ಡ್ ಲಿಸ್ಟ್’ ಅನ್ನುವ ಒಂದು ಗುಂಡಿಗೆ ಒಗ್ಗಿದವರಿಗೆ ಮೂರು ಆ್ಯಪು, ಮೂರು ಲಾಗಿನ್, ಮೂರು ಥರದ ಹುಡುಕಾಟ. ಅಮ್ಮನಿಗೆ ಧಾರಾವಾಹಿಯ ಹೆಸರು ಗೊತ್ತು, ಚಾನೆಲ್ ನಂಬರ್ ಗೊತ್ತು. ಅದು ಯಾವ ಆ್ಯಪಿನದು ಅನ್ನೋದು ಅವರಿಗೆ ಯಾಕೆ ಗೊತ್ತಿರಬೇಕು?

ಮತ್ತೆ ಮತ್ತೆ ನೋಡುವ ಅಭ್ಯಾಸ ಇರುವವರಿಗೆ, ಅಥವಾ ಇಂಟರ್‌ನೆಟ್ ಇಲ್ಲದ ಊರಿನವರಿಗೆ, ಯುಎಸ್‌ಬಿ ರೆಕಾರ್ಡಿಂಗ್ ಇರುವ ಎಚ್‌ಡಿ ಸೆಟ್‌ಟಾಪ್ ಬಾಕ್ಸೇ ಸರಿ. ಪೆನ್‌ಡ್ರೈವೋ ಹಾರ್ಡ್‌ಡಿಸ್ಕೋ ನೀವು ಸಿಕ್ಕಿಸಬೇಕು. ಅಮ್ಮನಿಗೆ ನಾನು ಕೊಡಿಸಿದ್ದು ಇದನ್ನೇ. ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ. ರೆಕಾರ್ಡಿಂಗ್ ಸೌಲಭ್ಯಕ್ಕೆ ತಿಂಗಳಿಗೆ ಬೇರೆ ದುಡ್ಡು ಇದೆಯಾ? ರೆಕಾರ್ಡ್ ಆಗುತ್ತಿರುವಾಗ ಬೇರೆ ಚಾನೆಲ್ ನೋಡಬಹುದಾ? ಒಳಗೆ ಒಂದೇ ಟ್ಯೂನರ್ (ಚಾನೆಲ್ ಹಿಡಿಯುವ ಭಾಗ) ಇದ್ದರೆ ಸಾಮಾನ್ಯವಾಗಿ ಆಗಲ್ಲ. ಇಲ್ಲಿ ರೆಕಾರ್ಡ್ ಆದದ್ದಕ್ಕೂ ಬೀಗ ಇರುತ್ತದೆ, ಆ ಪೆನ್‌ಡ್ರೈವ್ ಆ ಬಾಕ್ಸಿನಲ್ಲಿ ಮಾತ್ರ ತೆರೆಯುತ್ತದೆ.

ಚಂದನ ಮತ್ತು ದೂರದರ್ಶನದ ಉಳಿದ ಚಾನೆಲ್‌ಗಳೇ ಸಾಕು ಅನ್ನುವವರಿಗೆ ಡಿಡಿ ಫ್ರೀಡಿಶ್ ಇದೆ. 2004ರಲ್ಲಿ ಶುರುವಾದದ್ದು, ತಿಂಗಳ ಬಾಡಿಗೆ ಇಲ್ಲ. ಇದರ ಬಾಕ್ಸುಗಳಲ್ಲಿ ಕಡಿಮೆ ಬೆಲೆಯದಕ್ಕೂ ಯುಎಸ್‌ಬಿ ರೆಕಾರ್ಡಿಂಗ್ ಇರುತ್ತದೆ. ಬೀಗ ಇಲ್ಲದ ಚಾನೆಲ್ ಆದ್ದರಿಂದ ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಸಲೀಸಾಗಿ ಓಡುತ್ತದೆ. ನನ್ನ ಮಟ್ಟಿಗೆ, ನಿಜವಾಗಿ ‘ನಮ್ಮದು’ ಅನ್ನಬಹುದಾದ ರೆಕಾರ್ಡಿಂಗ್ ಅಂದರೆ ಇದೊಂದೇ.

ಟಿವಿಯ ಹಿಂದಿರುವ ಯುಎಸ್‌ಬಿ ತೂತಿಗೇ ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಮಾಡಬಹುದು ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಆ ಸೌಲಭ್ಯ ಇದ್ದರೂ ಟಿವಿಯ ಸ್ವಂತ ಆಂಟೆನಾ ತೂತಿಗೆ ಬಂದದ್ದಕ್ಕೆ ಮಾತ್ರ. ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐನಲ್ಲಿ ಬರೋದನ್ನು ಅದು ಬರೆದುಕೊಳ್ಳೋದಿಲ್ಲ.

ಜೋಡಿಸುವ ದಿನ

ಅದೇ ಕಂಪನಿಯ ಬಾಕ್ಸ್ ಆದರೆ ಡಿಶ್ ಮುಟ್ಟಬೇಕಿಲ್ಲ. ಕಂಪನಿ ಬದಲಾದರೆ ಸಾಮಾನ್ಯವಾಗಿ ಡಿಶ್ ತಿರುಗಬೇಕು, ಯಾಕೆಂದರೆ ಹೆಚ್ಚಿನವರದು ಬೇರೆ ಬೇರೆ ಉಪಗ್ರಹ. ಟಾಟಾ ಪ್ಲೇ 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಡಿಡಿ ಫ್ರೀಡಿಶ್ 93.5 ಡಿಗ್ರಿಯಲ್ಲಿ. ನಮ್ಮ ರಾಜ್ಯದಿಂದ ನೋಡಿದರೆ ಎರಡೂ ಆಗ್ನೇಯಕ್ಕೇ, ಎರಡನೆಯದು ಇನ್ನೂ ಪೂರ್ವಕ್ಕೆ. ಆ ಕಡೆ ತೆಂಗಿನ ಗರಿಯೋ ಪಕ್ಕದ ಮನೆಯ ನೀರಿನ ಟ್ಯಾಂಕೋ ಅಡ್ಡ ಇದೆಯಾ ಅಂತ ಮೊದಲೇ ತಾರಸಿ ಹತ್ತಿ ನೋಡಿ.

ಹಳೇ ರೆಕಾರ್ಡರ್‌ಗೆ ಡಿಶ್‌ನಿಂದ ಎರಡು ಕೇಬಲ್ ಬಂದಿರುತ್ತದೆ, ಒಂದನ್ನು ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡೋಕೆ. ಹೊಸದಕ್ಕೆ ಒಂದೇ ಸಾಕಾಗಬಹುದು. ಇನ್ನೊಂದನ್ನು ಕತ್ತರಿಸಿ ಎಸೆಯಬೇಡಿ. ತುದಿಗೆ ಟೇಪ್ ಸುತ್ತಿ ಹಿಂದೆ ಇಟ್ಟಿರಿ, ನಾಳೆ ಬೆಡ್‌ರೂಮಿಗೆ ಎರಡನೇ ಕನೆಕ್ಷನ್ ಬೇಕಾದರೆ ಕೆಲಸಕ್ಕೆ ಬರುತ್ತದೆ. ಕೇಬಲ್ ಬಿಚ್ಚುವ, ಹಾಕುವ ಮುಂಚೆ ಬಾಕ್ಸಿನ ಪ್ಲಗ್ ತೆಗೆಯಿರಿ. ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಅನ್ನುವ ಭಾಗಕ್ಕೆ ಕರೆಂಟು ಹೋಗೋದು ಇದೇ ಕೇಬಲ್ ಮೂಲಕ. ನಡುವಿನ ತಾಮ್ರದ ತಂತಿ ಸುತ್ತಲಿನ ಜಾಲರಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಈಗ ಪೆನ್‌ಡ್ರೈವಿನ ಮಾತು. ಹೊಸದಾಗಿ ಸಿಕ್ಕಿಸಿದ ತಕ್ಷಣ ಬಾಕ್ಸ್ ಅದನ್ನು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತದೆ. ಜೋಡಿಸಲು ಬಂದ ಹುಡುಗ ‘ಸಾರ್, ಒಂದು ಪೆನ್‌ಡ್ರೈವ್ ಕೊಡಿ, ಟೆಸ್ಟ್ ಮಾಡ್ತೀನಿ’ ಅಂದ. ಮೇಜಿನ ಮೇಲಿದ್ದದ್ದನ್ನು ಕೊಟ್ಟೆ. ಅವನು ಓಕೆ ಒತ್ತಿದ. ತಂಗಿಯ ಗೃಹಪ್ರವೇಶದ ಫೋಟೊಗಳು ಅದರಲ್ಲಿದ್ದವು. ನನ್ನ ಪುಣ್ಯಕ್ಕೆ ಫೋಟೊಗ್ರಾಫರ್ ಹತ್ತಿರ ಇನ್ನೊಂದು ಪ್ರತಿ ಇತ್ತು. ಇದಕ್ಕೇ ಅಂತ ಹೊಸ ಪೆನ್‌ಡ್ರೈವ್ ತನ್ನಿ, ಮೇಲೆ ‘ಟಿವಿ’ ಅಂತ ಬರೆಯಿರಿ.

ಎಷ್ಟು ದೊಡ್ಡದು ಬೇಕು? ಮಾಮೂಲಿ ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ ಸುಮಾರು 1.3 ಜಿಬಿ. ಎಚ್‌ಡಿ 8 ಮೆಗಾಬಿಟ್ ಅಂದರೆ ಗಂಟೆಗೆ 3.6 ಜಿಬಿ. 64 ಜಿಬಿಯಲ್ಲಿ ಮಾಮೂಲಿಯದು ನಲವತ್ತೈದು ಗಂಟೆ ಮೀರಿ ಹಿಡಿಯುತ್ತದೆ, ಎಚ್‌ಡಿ ಹದಿನೇಳು ಗಂಟೆ. ದಿನಾ ಎರಡು ಧಾರಾವಾಹಿ ನೋಡಿ ಅಳಿಸುವವರಿಗೆ ಇದು ಧಾರಾಳ. ಹಾರ್ಡ್‌ಡಿಸ್ಕ್ ಹಾಕೋದಾದರೆ, ಹಳೇ ಯುಎಸ್‌ಬಿ ತೂತು ಕೊಡೋದು ಅರ್ಧ ಆಂಪಿಯರ್ ಅನ್ನೋದು ನೆನಪಿರಲಿ. ಅಷ್ಟು ಸಾಲದೆ ಡಿಸ್ಕ್ ಒದ್ದಾಡಿದರೆ, ಸ್ವಂತ ಅಡಾಪ್ಟರ್ ಇರುವ ಡಿಸ್ಕ್ ತನ್ನಿ.

ಬಂದವರು ಹೊರಡುವ ಮುಂಚೆ ಅವರೆದುರೇ ಐದು ನಿಮಿಷ ರೆಕಾರ್ಡ್ ಮಾಡಿ, ಪ್ಲೇ ಮಾಡಿ. ಆಮೇಲೆ ನಾಳೆಯ ಕಾರ್ಯಕ್ರಮವೊಂದಕ್ಕೆ ಟೈಮರ್ ಇಟ್ಟು ಬಾಕ್ಸನ್ನು ಸ್ಟ್ಯಾಂಡ್‌ಬೈಗೆ ಹಾಕಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಟೈಮರ್ ಕೆಲಸ ಮಾಡೋದಿಲ್ಲ. ಮಲಗುವಾಗ ಎಲ್ಲ ಸ್ವಿಚ್ ಆರಿಸುವ ಹಿರಿಯರಿಗೆ ಇದನ್ನು ಮೂರು ಸಲ ಹೇಳಬೇಕು. ಸಂಜೆ ಕರೆಂಟ್ ಹೋಗುವ ಊರಾದರೆ ಬಾಕ್ಸಿನ ಪ್ಲಗ್ಗನ್ನು ಯುಪಿಎಸ್ ಸಾಕೆಟ್ಟಿಗೆ ಕೊಡಿ. ಟಿವಿ ಆರಿದರೂ ಬಾಕ್ಸ್ ಬರೆದುಕೊಳ್ಳುತ್ತಿರುತ್ತದೆ.

ಇಷ್ಟೆಲ್ಲ ಸರಿಹೋದ ಮೇಲೆ ಹಳೇ ಬಾಕ್ಸನ್ನು ಕಳಚಿ. ಅದು ನಿಮ್ಮದೋ ಕಂಪನಿಯದೋ ಅಂತ ಫೋನ್ ಮಾಡಿ ಕೇಳಿ. ಅವರದಾದರೆ ವಾಪಸ್ ಕೊಟ್ಟು ರಸೀದಿ ತಗೊಳ್ಳಿ, ಇಲ್ಲವಾದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಅಮ್ಮ ಕೊಡಲಿಲ್ಲ, ಅಟ್ಟದ ಮೇಲೆ ಇಟ್ಟಿದ್ದಾರೆ. ‘ರಿಮೋಟಿನ ಸೆಲ್ಲಾದ್ರೂ ತೆಗೀರಿ, ಲೀಕ್ ಆಗುತ್ತೆ’ ಅಂದೆ. ‘ಅವತ್ತೇ ತೆಗ್ದು ಗೋಡೆ ಗಡಿಯಾರಕ್ಕೆ ಹಾಕಿದ್ದೀನಿ’ ಅಂದರು.