ಮೈಸೂರಿನ ರೋಡಿಗೆ ಸ್ಪೋರ್ಟ್ಸ್ ಕಾರು: ಮೊದಲು ಗೇಟಿನ ಮುಂದೆ ಟೇಪು ಹಿಡಿಯಿರಿ

ಶೋರೂಮಿಗೆ ಹೋಗುವ ಮುಂಚೆ ಟೇಪು ಹಿಡಿದು ಮನೆ ಗೇಟಿನ ಮುಂದೆ ನಿಲ್ಲಿ. ಮೈಸೂರಿನ ಹಳೇ ಬಡಾವಣೆಗಳಲ್ಲಿ ರೋಡಿಗೂ ಮನೆಗೂ ನಡುವೆ ಒಂದು ಚರಂಡಿ, ಅದರ ಮೇಲೆ ಕಲ್ಲು ಚಪ್ಪಡಿ, ಆಮೇಲೆ ಕಡಿದಾದ ಇಳಿಜಾರು. ನಿಮ್ಮ ಸ್ವಿಫ್ಟು ಹತ್ತು ವರ್ಷದಿಂದ ಅದನ್ನು ಹತ್ತಿ ಇಳಿಯುತ್ತಿದೆ, ಹಾಗಾಗಿ ಅದು ಕಣ್ಣಿಗೇ ಬಿದ್ದಿರುವುದಿಲ್ಲ. ನೆಲಕ್ಕೆ ಅಂಟಿಕೊಂಡಂತಿರುವ ಕಾರು ತಂದ ದಿನ ಕಣ್ಣಿಗೆ ಬೀಳುತ್ತದೆ. ನನಗೂ ಹಾಗೇ ಆಯಿತು. ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ತುಳಿಸಿ, ಬೀದಿಯವರೆಲ್ಲ ನೋಡುತ್ತಿರುವಾಗ ಒಳಗೆ ತಿರುಗಿಸಿದೆ, ಮುಂದಿನ ಬಂಪರಿನ ಅಡಿ ಕರ್ರ್ ಎಂದಿತು. ಗಾರೆ ಕೆಲಸದವರು ಬಂದು ಇಳಿಜಾರನ್ನು ಒಡೆದು, ಕಾಂಪೌಂಡಿನ ಒಳಗಡೆಗೆ ಮೂರು ಅಡಿ ಎಳೆದು ಕಟ್ಟುವವರೆಗೆ ಕಾರು ಹದಿನೈದು ದಿನ ತಂಗಿ ಮನೆಯಲ್ಲಿತ್ತು.

ಇನ್ನು ಯಾವ ಕಾರು ಎಂಬ ಮಾತು. ಎಲ್ಲರೂ ಕುದುರೆ ಲೆಕ್ಕದಿಂದ, ಅಂದರೆ ಇಂಜಿನ್ನಿನ ಹಾರ್ಸ್‌ಪವರಿನಿಂದ ಶುರು ಮಾಡುತ್ತಾರೆ. ನಮ್ಮ ಕಡೆ ರೋಡಿನಲ್ಲಿ ನಿಜವಾದ ಖುಷಿ ಸಿಗುವುದು ಗಂಟೆಗೆ 40ರಿಂದ 80 ಕಿ.ಮೀ. ಒಳಗೆ, ತಿರುವಿನಲ್ಲಿ, ಸ್ಟೀರಿಂಗಿನಲ್ಲಿ, ಗೇರ್ ಇಳಿಸಿದಾಗ ಬರುವ ಸದ್ದಿನಲ್ಲಿ. ಆ ವೇಗದಲ್ಲಿ ಮಜಾ ಕೊಡುವ ಕಾರು ಬೇಕು, 280ರಲ್ಲಿ ಕೊಡುವುದಲ್ಲ. ನನ್ನದು ಪೋರ್ಷೆ ಕೇಮನ್, ಎರಡೇ ಸೀಟು, ಎರಡು ಲೀಟರಿನ ಟರ್ಬೊ, 300 ಕುದುರೆ. ಎರಡನೇ ಗೇರಿನಲ್ಲೇ 100 ದಾಟುತ್ತದೆ. ಅಂದರೆ ಉಳಿದ ಗೇರುಗಳೆಲ್ಲ ಕಾನೂನಿನ ಲೆಕ್ಕದಲ್ಲಿ ಪೆಟ್ರೋಲ್ ಉಳಿಸುವುದಕ್ಕೆ ಮಾತ್ರ!

ಫೋರ್ಡ್ ಮಸ್ಟಾಂಗ್ ಜಿಟಿಯೂ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ, ಐದು ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ನು. ಸದ್ದಿಗೆ ಮನಸೋಲದವರಿಲ್ಲ. ಆದರೆ ಮಂಡ್ಯ ಕಡೆಯ ಹಳ್ಳಿ ರೋಡಿನಲ್ಲಿ ಎದುರಿಗೆ ಬಸ್ಸು ಬಂದರೆ ಅಷ್ಟಗಲದ ಕಾರನ್ನು ಎಲ್ಲಿಗೆ ಸರಿಸುತ್ತೀರಿ? ಮನೆಯಲ್ಲಿ ಇಬ್ಬರು ಮಕ್ಕಳು ಇದ್ದು, ಇರುವುದು ಒಂದೇ ಕಾರು ಎನ್ನುವವರಿಗೆ ಬಿಎಂಡಬ್ಲ್ಯೂ ಎಂ340ಐ ಸರಿಯಾದದ್ದು. ನಾಲ್ಕು ಬಾಗಿಲು, ಆರು ಸಿಲಿಂಡರು, 100ಕ್ಕೆ ನಾಲ್ಕೂವರೆ ಸೆಕೆಂಡಿನೊಳಗೆ ಹೋಗುತ್ತದೆ, ನೋಡುವವರಿಗೆ ಅದು ಆಫೀಸಿಗೆ ಹೋಗುವ ಕಾರು. ನನ್ನನ್ನು ಕೇಳಿದರೆ 250ರಿಂದ 300 ಕುದುರೆ, ಹಗುರ ಮೈ, ಅಷ್ಟೇ ಸಾಕು.

ಹೊಸದೋ ಹಳೆಯದೋ? ಹಳೆಯದು. ಲೆಕ್ಕ ಹಾಕಿ ನೋಡಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್ಸು. 80 ಲಕ್ಷದ ಕಾರಿಗೆ ಹತ್ತಿರ ಹತ್ತಿರ 16 ಲಕ್ಷ ಬರೀ ತೆರಿಗೆ. ಮೊದಲ ಮಾಲೀಕ ಅದನ್ನು ಕಟ್ಟಿ, ನಾಲ್ಕು ವರ್ಷ ಓಡಿಸಿ, ಬೇಜಾರಾಗಿ ಮಾರುವಾಗ ನಾವು ಹೋಗಬೇಕು.

ಆದರೆ ಕೆಎ ನಂಬರಿನದೇ ಹುಡುಕಿ. ಮೈಸೂರಿನ ಕೆಎ 09, ಕೆಎ 55, ಮಂಡ್ಯದ ಕೆಎ 11, ಇಲ್ಲವೇ ಬೆಂಗಳೂರಿನದು, ಯಾವುದಾದರೂ ಸರಿ. ಪುದುಚೇರಿಯ ಪಿವೈ ನಂಬರಿನ ಕಾರು ನಾಲ್ಕೈದು ಲಕ್ಷ ಕಡಿಮೆಗೆ ಬರುತ್ತದೆ, ಬ್ರೋಕರು 'ಎಲ್ಲಾ ಓಡಿಸ್ತಾರೆ ಸಾರ್' ಅನ್ನುತ್ತಾನೆ. ಬೇರೆ ರಾಜ್ಯದ ಕಾರು ಇಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ಐಷಾರಾಮಿ ಕಾರುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿದ್ದು ನೆನಪಿದೆ ತಾನೆ? ಹೊರಗಿನದೇ ಬೇಕೆಂದರೆ ಮೊದಲು ಆರ್‌ಟಿಒದಲ್ಲಿ ಆ ಕಾರಿನ ವಯಸ್ಸಿಗೆ ಎಷ್ಟು ತೆರಿಗೆ ಎಂದು ಬರೆಸಿಕೊಂಡು, ಆ ಮೊತ್ತವನ್ನು ರೇಟಿನಲ್ಲೇ ಕಳೆಯಿರಿ. ಅಲ್ಲಿನ ಆರ್‌ಟಿಒದಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ (ಎನ್‌ಒಸಿ) ಅಂದರೆ ಫಾರಂ 28, ವರ್ಗಾವಣೆಗೆ ಫಾರಂ 29 ಮತ್ತು 30. ಸಾಲದ ಕಾರಾದರೆ ಸಾಲ ತೀರಿತೆಂದು ಬ್ಯಾಂಕು ಕೊಡುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ಸು, ಅಂದರೆ ಕ್ಲೇಮು ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಕಾರಿನ ಜೊತೆ ಬರುವುದಿಲ್ಲ, ಅದು ಅವರದ್ದೇ.

ಕಾರು ನೋಡುವುದಕ್ಕೆ ಬೆಳಗ್ಗೆ ಹೋಗಿ. ಹಿಂದಿನ ದಿನವೇ ಫೋನ್ ಮಾಡಿ 'ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ' ಎಂದು ಹೇಳಿ. ಹೋದ ಕೂಡಲೇ ಸೈಲೆನ್ಸರ್ ಪೈಪಿನ ಹತ್ತಿರ ಕೈ ಇಡಿ, ಮುಟ್ಟದೆ. ಬಿಸಿ ಇದ್ದರೆ ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಇಂಜಿನ್ನು ತಣ್ಣಗಿದ್ದಾಗ ಬರುವ ಟಕ ಟಕ ಸದ್ದು, ಮೊದಲ ಹೊಗೆಯ ಬಣ್ಣ, ನಿಂತಲ್ಲೇ ಇಂಜಿನ್ನು ಓಡುವಾಗಿನ ನಡುಕ, ಇವೆಲ್ಲ ಬಿಸಿಯಾದ ಮೇಲೆ ಮಾಯವಾಗುತ್ತವೆ.

ಆಮೇಲೆ ಟೈರು. ನಾನು ನೋಡಿದ ಮೊದಲನೇ ಕಾರಿನ ಬ್ರೋಕರು 'ಟೈರು ನೋಡಿ ಸಾರ್, ಹೊಸದು ಇದ್ದಂಗಿದೆ' ಅಂದ. ಟೈರಿನ ಮೇಲಿನ ಗೆರೆಗಳ ಗುಳಿ ನಿಜಕ್ಕೂ ಆಳವಾಗಿಯೇ ಇತ್ತು. ಮಂಡಿಯೂರಿ ಮೊಬೈಲ್ ಬೆಳಕು ಬಿಟ್ಟು ಪಕ್ಕದ ಗೋಡೆ ಒರೆಸಿದೆ. ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಕೊನೆಯಲ್ಲಿ 1216 ಅಂತಿತ್ತು. ಅಂದರೆ 2016ರ 12ನೇ ವಾರ. ಉಗುರು ಒತ್ತಿದರೆ ರಬ್ಬರು ಮರದ ಹಾಗೆ ಗಟ್ಟಿ, ಗುಳಿಗಳ ನಡುವೆ ಕೂದಲೆಳೆಯಂಥ ಬಿರುಕು. ಇಂಥ ಕಾರುಗಳು ಶೆಡ್ಡಿನಲ್ಲಿ ನಿಂತೇ ಮುದಿಯಾಗುತ್ತವೆ. ಆರು ವರ್ಷ ದಾಟಿದ ಟೈರಿನ ಮೇಲೆ 300 ಕುದುರೆ ಬಿಡುವುದು, ಮಳೆ ಬಂದ ದಿನ ಎಣ್ಣೆ ಬಳಿದ ಕಲ್ಲಿನ ಮೇಲೆ ಓಡಿದ ಹಾಗೆ. ಮುಂದಿನ ಹಿಂದಿನ ಟೈರು ಬೇರೆ ಬೇರೆ ಸೈಜು ಇದ್ದರೆ ಅದಲು ಬದಲು ಮಾಡುವುದಕ್ಕೂ ಆಗುವುದಿಲ್ಲ. ನಾಲ್ಕು ಟೈರಿನ ದುಡ್ಡನ್ನು ಪಕ್ಕಕ್ಕಿಟ್ಟೇ ಚೌಕಾಸಿಗೆ ಕೂತುಕೊಳ್ಳಿ. ಬ್ರೇಕ್ ಡಿಸ್ಕಿನಲ್ಲೂ ಎಷ್ಟು ಮಿಲಿಮೀಟರಿಗಿಂತ ತೆಳುವಾಗಬಾರದು ಎಂದು ಕೊರೆದಿರುತ್ತದೆ, ಅಳೆಸಿ. ಸರ್ವಿಸ್ ಚೀಟಿಗಳಲ್ಲಿ ಕಿಲೋಮೀಟರು ಏರುತ್ತಾ ಬಂದಿದೆಯೋ, ನಡುವೆ ಎಲ್ಲಾದರೂ ಇಳಿದಿದೆಯೋ ನೋಡಿ. ಮಾರುವವರು ತಮ್ಮದೇ ಗ್ಯಾರೇಜಿನಲ್ಲಿ ಚೆಕ್ ಮಾಡಿಸಿಕೊಡುತ್ತೇವೆ ಅಂದರೆ ನಮಸ್ಕಾರ ಹೇಳಿ ಬನ್ನಿ.

ಮನೆಗೆ ತಂದ ಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪವೇ ತುಂಬಿಸುತ್ತಾ ಇರುವ ಟ್ರಿಕಲ್ ಚಾರ್ಜರು ತಗೊಳ್ಳಿ, ಅದಿಲ್ಲದಿದ್ದರೆ ಅಪರೂಪಕ್ಕೆ ತೆಗೆಯುವ ಕಾರು ಸ್ಟಾರ್ಟ್ ಆಗದೆ ಇರಬಹುದು. ಪೆಟ್ರೋಲ್ ಮುಚ್ಚಳದ ಒಳಗೆ ಬರೆದ ಆಕ್ಟೇನ್ ಅಂಕಿಯ (ಪೆಟ್ರೋಲಿನ ದರ್ಜೆಯ) ಪೆಟ್ರೋಲನ್ನೇ ಹಾಕಿಸಿ. ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಬಳಸುವುದನ್ನು ಮನೆಯಲ್ಲೇ ಒಮ್ಮೆ ಕಲಿಯಿರಿ. ಹಿತ್ತಲಲ್ಲಿ ತೆಂಗಿನ ಮರ ಇದ್ದವರು ಇಲಿ ಬೋನನ್ನೂ ಇಡಿ, ವೈರು ಕಡಿಯುವುದಕ್ಕೆ ಅವಕ್ಕೆ ಬ್ರ್ಯಾಂಡಿನ ಭೇದ ಇಲ್ಲ.

ಈಗ ಓಡಿಸುವ ವಿಷಯ. ಎಲ್ಲರೂ ಮೊದಲು ಹೋಗುವುದು ಬೆಂಗಳೂರು ಹೈವೇಗೆ. ಸುಮಾರು 119 ಕಿ.ಮೀ., ನಡುವೆ ಆರು ಪಥ, 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರೂ ಇಲ್ಲ. ಸ್ಪೋರ್ಟ್ಸ್ ಕಾರಿಗೆ ಇಷ್ಟು ಬೇಜಾರಿನ ರೋಡು ಇನ್ನೊಂದಿಲ್ಲ. ಕಾರಿಗೆ ಮಿತಿ 100, ಉದ್ದಕ್ಕೂ ಕ್ಯಾಮೆರಾ. 130 ದಾಟಿದರೆ ದಂಡಕ್ಕೆ ಮುಗಿಯುವುದಿಲ್ಲ, 2024ರ ಆಗಸ್ಟಿನಿಂದ ರಾಜ್ಯದಲ್ಲಿ ಎಫ್‌ಐಆರೇ ಹಾಕುತ್ತಾರೆ. ಕಾನೂನು ಪಕ್ಕಕ್ಕಿಡಿ: 100ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ 28 ಮೀಟರು ಹೋಗಿರುತ್ತೀರಿ. ನಾಯಿ ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 28 ಮೀಟರು ಮುಗಿದಿರುತ್ತದೆ. ಬ್ರೇಕು ಎಷ್ಟು ದುಬಾರಿಯದಾದರೂ ಆ ಮೀಟರು ವಾಪಸ್ ಬರುವುದಿಲ್ಲ.

ಚಾಮುಂಡಿ ಬೆಟ್ಟವನ್ನೂ ಬಿಡಿ. ತಿರುವು ಚೆನ್ನಾಗಿವೆ, ಗೊತ್ತು. ಬೆಳಗ್ಗೆ ಐದೂವರೆಗೆಲ್ಲ ನಡೆಯುವವರು, ಸೈಕಲ್ಲಿನವರು, ಬರಿಗಾಲಲ್ಲಿ ಹತ್ತುವ ಭಕ್ತರು ಇರುತ್ತಾರೆ. ಅಲ್ಲಿ ಸೈಲೆನ್ಸರ್ ಸದ್ದು ಮಾಡಿಕೊಂಡು ಹೋಗುವವನಿಗೆ ಅಜ್ಜಿಯರು ಹಾಕುವ ಶಾಪ ತಟ್ಟಲಿ ಎಂದೇ ನನ್ನ ಆಸೆ.

ನಾನು ಹೋಗುವುದು ಮೇಲುಕೋಟೆಗೆ. ಭಾನುವಾರ ಬೆಳಕು ಹರಿದ ಮೇಲೆ, ಕತ್ತಲಲ್ಲಿ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ. ಮೊದಲ ಹತ್ತು ಹದಿನೈದು ಕಿಲೋಮೀಟರು ಸುಮ್ನೆ ಮೆಲ್ಲಗೆ ಹೋಗಿ, ಇಂಜಿನ್ನಿನ ನೀರಿನ ಬಿಸಿ ತೋರಿಸುವ ಮುಳ್ಳು ಬೇಗ ಏರುತ್ತದೆ, ಆಯಿಲ್ಲೂ ಟೈರೂ ಬಿಸಿಯಾಗುವುದಕ್ಕೆ ಇನ್ನೂ ಹೊತ್ತು ಬೇಕು. ಜಕ್ಕನಹಳ್ಳಿ ದಾಟಿ ಗುಡ್ಡ ಶುರುವಾದಾಗ ಮೂರನೇ ಗೇರು, 60. ತಿರುವಿನ ಆಚೆ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲುವಷ್ಟೇ ವೇಗ. ತಿರುವಿಗೆ ಮುಂಚೆಯೇ ಬ್ರೇಕು ಮುಗಿಸಿ, ಸ್ಟೀರಿಂಗು ತಿರುಗಿಸಿ, ಮೂತಿ ನೆಟ್ಟಗಾದಂತೆ ಮೆಲ್ಲಗೆ ಆಕ್ಸಿಲರೇಟರು ಒತ್ತಿ. ಬೆನ್ನ ಹಿಂದೆಯೇ ಇರುವ ಇಂಜಿನ್ನು ನಿಮ್ಮನ್ನು ಸೊಂಟದ ಹತ್ತಿರ ಹಿಡಿದು ತಳ್ಳಿದ ಹಾಗಾಗುತ್ತದೆ. ಸ್ಪೀಡೋಮೀಟರಿನಲ್ಲಿ ಆಗ 70 ಇರುತ್ತದೆ ಅಷ್ಟೇ, ಆದರೆ ಮುಖದಲ್ಲಿ ನಗು ಬಂದಿರುತ್ತದೆ.

ಕತ್ತಲಲ್ಲಿ ಬೇಡ ಅಂದದ್ದಕ್ಕೆ ಕಾರಣ ಕಬ್ಬಿನ ಟ್ರ್ಯಾಕ್ಟರು. ಕಾರ್ಖಾನೆ ಶುರುವಾದರೆ ಮಂಡ್ಯ ಜಿಲ್ಲೆಯ ರೋಡುಗಳೆಲ್ಲ ಅವುಗಳದ್ದೇ. ಹಿಂದೆ ಲೈಟು ಇರುವುದಿಲ್ಲ, ಎರಡನೇ ಟ್ರೈಲರು ಓಲಾಡುತ್ತಿರುತ್ತದೆ, ಕಬ್ಬಿನ ತುದಿ ಅಕ್ಕಪಕ್ಕಕ್ಕೆ ಚಾಚಿರುತ್ತದೆ. ನಿಮ್ಮ ಕಾರು ಎಷ್ಟು ತಗ್ಗು ಅಂದರೆ ಅವರ ಕನ್ನಡಿಯಲ್ಲಿ ನೀವು ಕಾಣುವುದೇ ಇಲ್ಲ. ಹಾರನ್ ಹೊಡೆದು, ಡ್ರೈವರ್ ಕೈ ತೋರಿಸಿದ ಮೇಲೇ ಮುಂದೆ ಹೋಗಿ.

ಇನ್ನೊಂದು ಅಪಾಯ ಹುರುಳಿ. ಇದಕ್ಕೆ ನಗಬೇಡಿ. ಸುಗ್ಗಿ ಕಾಲದಲ್ಲಿ ರೋಡಿನ ಮೇಲೇ ರಾಗಿ, ಹುರುಳಿ ಹರಡಿರುತ್ತಾರೆ, ಗಾಡಿ ಓಡಾಡಿ ಒಕ್ಕಣೆ ಆಗಲಿ ಎಂದು. ರಾಗಿ ಹುಲ್ಲಿನಲ್ಲಿ ಟೈರು ಜಾರುತ್ತದೆ, ಹುರುಳಿ ಸೊಪ್ಪು ಅದಕ್ಕಿಂತ ಅಪಾಯ. ಬಳ್ಳಿ ಬಳ್ಳಿಯಾಗಿ ಆಕ್ಸಲಿಗೆ ಸುತ್ತಿಕೊಂಡು, ನೂರಾರು ಡಿಗ್ರಿ ಬಿಸಿಯಿರುವ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟಿವೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ನಾನೂ ಒಂದು ರಾಶಿಯ ಮೇಲೆ ಹೋದೆ, 'ಇಷ್ಟೇ ತಾನೆ' ಎಂದು. ಕಾರಿನ ಹೊಟ್ಟೆ ಅದನ್ನು ತಳ್ಳಿಕೊಂಡೇ ಹೋಯಿತು. ಒಣಗಿದ ಸೊಪ್ಪು ಹುರಿದ ವಾಸನೆ ಬಂದ ತಕ್ಷಣ ರಾಶಿ ದಾಟಿ ಬರೀ ಟಾರಿನ ಮೇಲೆ ನಿಲ್ಲಿಸಿ ಇಂಜಿನ್ನು ಆರಿಸಿದೆ. ಒಕ್ಕಣೆಯ ಮನೆಯವರೇ ಓಡಿಬಂದು, ಕೋಲಿನಿಂದ ಎಳೆದೆಳೆದು ತೆಗೆದರು, ಒಂದು ಮಂಕರಿ ತುಂಬ ಬಂತು. ಒಬ್ಬರು ನೀರು ಹಾಕೋಣ ಎಂದು ಬಾನೆಟ್ ಎತ್ತಿಸಿದರು. ಅಲ್ಲಿ ಸಾಮಾನಿಡುವ ಡಿಕ್ಕಿ. ಹಿಂದೆ ಎತ್ತಿಸಿದರು, ಅಲ್ಲೂ ಡಿಕ್ಕಿ, ಆಯಿಲ್ಲಿಗೊಂದು ನೀರಿಗೊಂದು ಮುಚ್ಚಳ ಬಿಟ್ಟರೆ ಏನಿಲ್ಲ. 'ಇಂಜಿನ್ನೇ ಇಲ್ದಿರೋ ಗಾಡಿಗೆ ಅಷ್ಟು ದುಡ್ಡು ಕೊಟ್ರಾ?' ಅಂದರು. ಈಗ ಹುರುಳಿ ಕಂಡರೆ ಕೆಳಗೆ ಇಳಿದು, ಒಂದು ಬದಿ ಸರಿಸಿಕೊಡಿ ಎಂದು ಕೇಳುತ್ತೇನೆ, ಇಲ್ಲವೇ ವಾಪಸ್ ತಿರುಗಿಸುತ್ತೇನೆ. ಒಂದು ಕೆ.ಜಿ.ಯ ಬೆಂಕಿ ಆರಿಸುವ ಸಿಲಿಂಡರೂ ಸೀಟಿನ ಮುಂದೆ ಇದೆ.

ಹಂಪಿನ ಲೆಕ್ಕ ಹೀಗೆ. ನಿಯಮದ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರು ಅಗಲ, ಅದನ್ನು ಯಾವ ಕಾರಾದರೂ ದಾಟುತ್ತದೆ. ಊರವರೇ ರಾತ್ರೋರಾತ್ರಿ ಹಾಕಿದ ಹಂಪಿಗೆ ನಿಯಮ ಇಲ್ಲ. ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ, ಪೂರ್ತಿ ಇಳಿಯುವ ತನಕ ಬ್ರೇಕು ಒತ್ತಬೇಡಿ, ಒತ್ತಿದರೆ ಮೂತಿ ಇನ್ನೂ ಕುಸಿಯುತ್ತದೆ.

ಇಷ್ಟೆಲ್ಲ ಆದಮೇಲೂ ಕಾಲು ತುರಿಸುತ್ತದೆ ಅಂದರೆ ಕೊಯಮತ್ತೂರಿಗೆ ಹೋಗಿ. ಅಲ್ಲಿನ ರೇಸ್ ಟ್ರ್ಯಾಕ್ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಿಮ್ಮ ಕಾರನ್ನೇ ಓಡಿಸುವ ಟ್ರ್ಯಾಕ್ ಡೇಗಳು ನಡೆಯುತ್ತವೆ, ಸುಮಾರು ಎರಡು ಕಿ.ಮೀ. ಸುತ್ತು. ಚಾಮರಾಜನಗರ, ಹಾಸನೂರು, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಸತ್ಯಮಂಗಲ. ಅದು ಹುಲಿ ಕಾಡು, ರಾತ್ರಿ ಬಿಡುವುದಿಲ್ಲ, ಮೆಲ್ಲಗೆ ಹೋಗಿ. ಹೊರಡುವ ಮುಂಚೆ ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ, ನಾಲ್ಕು ಸುತ್ತಿಗೆ ಕುದಿದು ಪೆಡಲು ನೆಲಕ್ಕೆ ಹೋಗುತ್ತದೆ. ಟ್ರ್ಯಾಕಿನಲ್ಲಿ ಆದ ಹಾನಿಗೆ ಮಾಮೂಲಿ ಇನ್ಶೂರೆನ್ಸು ದುಡ್ಡು ಕೊಡುವುದಿಲ್ಲ. ಐದು ಸುತ್ತು ಜೋರಾಗಿ, ಒಂದು ಸುತ್ತು ಮೆಲ್ಲಗೆ ತಣ್ಣಗಾಗುವುದಕ್ಕೆ. ನಿಲ್ಲಿಸಿದ ಮೇಲೆ, ಬ್ರೇಕು ಕಾದಿರುವುದರಿಂದ, ಹ್ಯಾಂಡ್‌ಬ್ರೇಕು ಎಳೆಯದೆ ಗೇರಿನಲ್ಲೋ ಪಾರ್ಕಿನಲ್ಲೋ ಬಿಡಿ. ವಾಪಸ್ ಹೊರಡುವಾಗ, ಟ್ರ್ಯಾಕಿಗೆಂದು ಇಳಿಸಿದ್ದ ಟೈರಿನ ಗಾಳಿಯನ್ನು ಮತ್ತೆ ರೋಡಿನ ಲೆಕ್ಕಕ್ಕೆ ತುಂಬಿಸಿ. ಸಂಜೆಯೊಳಗೆ ಕಾಡು ದಾಟುವುದಕ್ಕೆ ಆಗುವುದಿಲ್ಲ ಅನ್ನಿಸಿದರೆ ಅಲ್ಲೇ ರೂಮು ಮಾಡಿ ಬೆಳಗ್ಗೆ ಬನ್ನಿ.